ತೀರದ ಬ್ಯಾಟರಿಯ ಭ್ರಮೆ

ವಿದ್ಯುದ್ವಾಹನಗಳು ನಮ್ಮ ರಸ್ತೆಗಳಲ್ಲಿ ದಿನೇ ದಿನೇ ಹೆಚ್ಚುತ್ತಿರುವುದು ದೇಶಹಿತದ ದೃಷ್ಟಿಯಿಂದ ಸಂತೋಷದ ಸಂಗತಿ. ಪರದೇಶದ ಎಣ್ಣೆಗೆ ತೆರುವ ಹಣ ಅಷ್ಟರಮಟ್ಟಿಗೆ ನಾಡಿನಲ್ಲಿಯೇ ಉಳಿಯುವುದು. ಆದರೆ ಇವುಗಳ ಬೆನ್ನಿಗೇ ಒಂದು ಭ್ರಮೆಯೂ ಹಬ್ಬುತ್ತಲಿದೆ. ಬ್ಯಾಟರಿಯು ಮೋಟಾರನ್ನು ನಡೆಸುತ್ತಿರುವಾಗಲೇ ಆ ಮೋಟಾರಿನಿಂದ ಡೈನಮೋ ತಿರುಗಿಸಿ ಅದೇ ಬ್ಯಾಟರಿಯನ್ನು ತುಂಬಿಸಬಹುದು, ಅದು ಎಂದಿಗೂ ಬರಿದಾಗದು ಎಂಬುದೇ ಆ ಭ್ರಮೆ. ಇದನ್ನು ನಂಬಿ ಹಣ ತೆತ್ತರೆ ಕೆಡುವವನು ಧನಿಕನಲ್ಲ. ಆಟೋ ಓಡಿಸಿ ಬದುಕುವ ಬಡವನು.

ವ್ಯಯವಾದ ಶಕ್ತಿಯಲ್ಲಿ ಸ್ವಲ್ಪವನ್ನು ಮರಳಿ ಪಡೆಯುವುದು ಸುಳ್ಳಲ್ಲ. ಮೈಸೂರಿನ ಹಿನಕಲ್ಲಿನಲ್ಲಿ ಹೊರವರ್ತುಲ ರಸ್ತೆಯೂ ಹುಣಸೂರು ರಸ್ತೆಯೂ ಕೂಡುವೆಡೆಯ ಮೇಲ್ಸೇತುವೆಯನ್ನೇ ನೋಡಿರಿ. ಸವಾರರಿಬ್ಬರನ್ನು ಹೊತ್ತ ಸ್ಕೂಟರಿನ ತೂಕ 250 ಕಿಲೋಗ್ರಾಂ, ಏರು 6 ಮೀಟರ್ ಎಂದು ಭಾವಿಸೋಣ. ಅಷ್ಟು ಭಾರವನ್ನು ಎತ್ತುವುದಕ್ಕೇ ಸುಮಾರು 4 ವಾಟ್-ಗಂಟೆ ಬೇಕು. ಎಂದರೆ ಒಂದು ಯೂನಿಟ್ಟಿನಲ್ಲಿ 250ನೆಯ ಒಂದು ಪಾಲು. ಇಳಿಯುವಾಗ ಮೋಟಾರೇ ಡೈನಮೋ ಆಗಿ ವೇಗವನ್ನು ತಡೆದು, ಇದರಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದು. ಉಳಿದುದು ಗಾಳಿಗೆ, ಚಕ್ರದ ಘರ್ಷಣೆಗೆ, ತಂತಿಯ ಬಿಸಿಗೆ ಹೋಯಿತು. ಪದೇ ಪದೇ ನಿಲ್ಲುವ ನಗರದ ಬಸ್ಸಿಗೂ ಘಟ್ಟವಿಳಿಯುವ ವಿದ್ಯುದ್ರೈಲಿಗೂ ಈ ಉಪಾಯವು ನಿಜವಾದ ಉಳಿತಾಯ. ಆದರೆ ಮರಳಿ ಬಂದುದು ಕೊಟ್ಟುದಕ್ಕಿಂತ ಎಂದೂ ಕಡಿಮೆಯೇ. ಸಮರಸ್ತೆಯಲ್ಲಿ ಓಡುತ್ತಿರುವಾಗ ಡೈನಮೋ ಹೂಡಿದರಂತೂ ಅದೂ ಒಂದು ಹೊರೆಯೇ. ಅದು ತುಂಬುವುದಕ್ಕಿಂತ ಹೆಚ್ಚನ್ನು ಬ್ಯಾಟರಿಯಿಂದ ಎಳೆಯುವುದು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಅಲ್ಲಿ ಧುಮುಕಿದ ಕಾವೇರಿಯು ಪುನಃ ತಾನಾಗಿಯೇ ಮೇಲೇರಿ ಯಂತ್ರವನ್ನು ತಿರುಗಿಸುವಳೆಂದು ಯಾರಾದರೂ ನಂಬುವರೇ? ಬ್ಯಾಟರಿಗೂ ಅದೇ ನ್ಯಾಯ. ನಮ್ಮ ಭಾಸ್ಕರಾಚಾರ್ಯರು 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ಪಾದರಸ ತುಂಬಿದ ಸ್ವಯಂವಹ ಚಕ್ರವನ್ನು ವರ್ಣಿಸಿರುವರು. ಆ ಮಹಾಗಣಿತಜ್ಞರಲ್ಲಿ ನಮಗಿರುವ ಅಭಿಮಾನವು ಚಕ್ರವನ್ನು ತಿರುಗಿಸಲಾರದು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿಯೇ ಇಂತಹ ನಿತ್ಯಚಲನ ಯಂತ್ರಗಳನ್ನು ಇನ್ನು ಪರೀಕ್ಷಿಸುವುದಿಲ್ಲವೆಂದು ತೀರ್ಮಾನಿಸಿತು.

ಸ್ವದೇಶಿ ಎಂಬ ಹೆಸರು ಸುಳ್ಳಿಗೆ ಹೊದಿಕೆಯಾಗಬಾರದು. ಯಂತ್ರ ಮಾರುವವನು ಬರಲಿ. ಬ್ಯಾಟರಿಗೆ ಮೊಹರು ಹಾಕಿ, ಹೊರೆಯನ್ನು ಹೂಡಿ, ಎಂಜಿನಿಯರಿಂಗ್ ಕಾಲೇಜಿನ ಮಾಪಕದ ಮುಂದೆ ವಾರವೊಂದು ಓಡಿಸಿ ತೋರಿಸಲಿ. ಅಲ್ಲಿಯವರೆಗೆ ಹಣದ ಚೀಲ ಬಿಗಿಯಾಗಿರುವುದೇ ಮೇಲು. ಅಳೆದು ನೋಡುವ ಅಭ್ಯಾಸವಿಲ್ಲದ ಜನಾಂಗಕ್ಕೆ ಸ್ವಾವಲಂಬನೆಯು ದೂರದ ಮಾತು.