ಜೀವವಿಜ್ಞಾನದಲ್ಲಿ ಸಂಶೋಧನಾ ಹುದ್ದೆಗಳು: ಶಿಕ್ಷಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ಜೀವವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗೆ ವೈದ್ಯಕೀಯವೊಂದೇ ದಾರಿಯೆಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಸಂಶೋಧನೆಯೂ ವೇತನವುಳ್ಳ ಉದ್ಯೋಗವೆಂದು ಗಡಿನಾಡಿನ ಮಕ್ಕಳಿಗೆ ತಿಳಿಸುವವರು ಬಹುಮಟ್ಟಿಗೆ ಶಿಕ್ಷಕರೇ. ಅಣು ಜೀವವಿಜ್ಞಾನ ಮತ್ತು ವಿಕಾಸ ಜೀವವಿಜ್ಞಾನಗಳ ಹುದ್ದೆಗಳನ್ನು ಕುರಿತು ಈ ವಿವರಣೆ.

ಮೊದಲು ಹೆಸರಿನ ತೊಡಕು. ‘ಅಣುಜೀವಿ ವಿಜ್ಞಾನ’ವೆಂದರೆ ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳ ಅಧ್ಯಯನ, ‘ಅಣು ಜೀವವಿಜ್ಞಾನ’ವೆಂದರೆ ಡಿ.ಎನ್.ಎ., ಪ್ರೋಟೀನು ಮುಂತಾದ ಅಣುಗಳ ಮಟ್ಟದಲ್ಲಿ ಜೀವಕ್ರಿಯೆಯ ಅಧ್ಯಯನ. ಜಾಹೀರಾತಿನಲ್ಲಿ ಕಾಣುವುದು ಇಂಗ್ಲಿಷ್ ಹೆಸರಾದ್ದರಿಂದ ಮೈಕ್ರೋಬಯಾಲಜಿ, ಮಾಲಿಕ್ಯುಲರ್ ಬಯಾಲಜಿ ಎಂಬ ಪದಗಳನ್ನೂ ಜೊತೆಯಲ್ಲಿಯೇ ಕಲಿಸತಕ್ಕದ್ದು. ವಿಕಾಸ ಜೀವವಿಜ್ಞಾನವು ಜೀವಿಗಳು ಕಾಲಾಂತರದಲ್ಲಿ ಬದಲಾದ ಬಗೆಯನ್ನೂ ಅವುಗಳ ಪರಸ್ಪರ ಬಂಧುತ್ವವನ್ನೂ ಶೋಧಿಸುತ್ತದೆ. ಎರಡೂ ಶಾಖೆಗಳು ಕೂಡುವ ರೀತಿಗೆ ಪಶ್ಚಿಮಘಟ್ಟದ ನೇರಳೆ ಬಣ್ಣದ ಕಪ್ಪೆ ಉತ್ತಮ ನಿದರ್ಶನ. ಕೇರಳದ ಇಡುಕ್ಕಿಯಲ್ಲಿ ದೊರೆತ ಈ ಕಪ್ಪೆಯನ್ನು 2003ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವರ್ಣಿಸಿದರು. ಇದರ ವಂಶಕ್ಕೆ ಅತಿ ಸಮೀಪದ ವಂಶವು ಕಡಲಾಚೆಯ ಸೇಶೆಲ್ಸ್ ದ್ವೀಪಗಳಲ್ಲಿದೆಯೆಂದು ತೋರಿಸಿದ್ದು ಡಿ.ಎನ್.ಎ. ಹೋಲಿಕೆ. ಇಂತಹ ಕೆಲಸಕ್ಕೆ ಕಾಡು ಸುತ್ತುವವರೂ ಬೇಕು, ಪ್ರಯೋಗಾಲಯದಲ್ಲಿ ಕುಳಿತುಕೊಳ್ಳುವವರೂ ಬೇಕು.

ಎಂ.ಎಸ್ಸಿ. ಮುಗಿಸಿದವರಿಗೆ ಮೊದಲು ಒದಗುವುದು ಸಾಮಾನ್ಯವಾಗಿ ಪ್ರಾಜೆಕ್ಟ್ ಹುದ್ದೆ. ಅದರ ಅವಧಿ ಆ ಯೋಜನೆ ಮುಗಿಯುವವರೆಗೆ ಮಾತ್ರ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್.ಡಿ.ಯ ಬಳಿಕ ಪೋಸ್ಟ್‌ಡಾಕ್, ಅನಂತರ ಅಧ್ಯಾಪಕ ಹುದ್ದೆ. ಖಾಯಂ ಎನ್ನಬಹುದಾದದ್ದು ಬಹುತೇಕ ಈ ಕೊನೆಯದೇ. ಅಲ್ಲಿಗೆ ತಲುಪುವಷ್ಟರಲ್ಲಿ ಸಾಮಾನ್ಯವಾಗಿ ವಯಸ್ಸು ಮೂವತ್ತು ದಾಟಿರುತ್ತದೆ. ಇದನ್ನು ಪೋಷಕರಿಂದ ಮರೆಮಾಚಬಾರದು.

ಸಂಸ್ಥೆಗಳ ವಿಷಯದಲ್ಲಿ ಗಡಿನಾಡಿನವರು ದೂರದವರಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ., ಬೆಂಗಳೂರಿನ ಎನ್.ಸಿ.ಬಿ.ಎಸ್., ಪುಣೆ, ತಿರುಪತಿ, ತಿರುವನಂತಪುರಗಳ ಐಸರ್‌ಗಳು ಸುತ್ತಲೂ ಇವೆ. ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿಯೇ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ದೂರವಿರುವುದು ಭಾಷೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸಂಶೋಧನೆಯ ಬಾಗಿಲಾದ ಸಿ.ಎಸ್.ಐ.ಆರ್. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗೆಂದು ತರಗತಿಯಲ್ಲಿ ಕನ್ನಡವನ್ನು ಕೈಬಿಡಬೇಕಾಗಿಲ್ಲ. ಪರಿಕಲ್ಪನೆ ಕನ್ನಡದಲ್ಲಿ ಗಟ್ಟಿಯಾಗಲಿ. ಆನುವಂಶಿಕತೆಯ ಪಕ್ಕದಲ್ಲಿ ಹೆರೆಡಿಟಿ, ಉತ್ಪರಿವರ್ತನೆಯ ಪಕ್ಕದಲ್ಲಿ ಮ್ಯುಟೇಶನ್ ಎಂದು ಕಪ್ಪುಹಲಗೆಯ ಮೇಲೆ ಎಂಟನೆಯ ತರಗತಿಯಿಂದಲೇ ಕಾಣಿಸಲಿ. ಹತ್ತನೆಯ ತರಗತಿಯ ಬಳಿಕ ಗಣಿತವನ್ನು ಬಿಡದಂತೆಯೂ ತಿಳಿಹೇಳಬೇಕು; ಐಸರ್ ಪ್ರವೇಶಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳಿರುತ್ತವೆ, ವಿಕಾಸದ ಸಂಶೋಧನೆಯಂತೂ ಸಂಖ್ಯಾಶಾಸ್ತ್ರವಿಲ್ಲದೆ ನಡೆಯದು.

ಇಂತಹ ಹುದ್ದೆಯ ಜಾಹೀರಾತೊಂದನ್ನು ತರಗತಿಗೆ ತಂದು, ಹುದ್ದೆಯ ಹೆಸರು, ಅವಧಿ, ಅರ್ಹತೆ, ವೇತನ, ಕೊನೆಯ ದಿನಾಂಕಗಳನ್ನು ಗುರುತಿಸಿ ಕನ್ನಡದಲ್ಲಿ ಬರೆಯಿಸಿರಿ. ಭಾಷಾಪಾಠದ ಒಂದು ಅವಧಿ ಇದಕ್ಕೆ ಸಾಕು.