ರಕ್ತನಾಳದಲ್ಲೇ ಉಂಡು ಬೆಳೆದ ಕೂಸು

1967, ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆ. ಹುಟ್ಟುವಾಗಲೇ ಸಣ್ಣಕರುಳಿನ ಬಹುಪಾಲು ಇಲ್ಲದ ಹೆಣ್ಣುಕೂಸೊಂದು ಸೊರಗಿ ಸೊರಗಿ ಎರಡು ಕಿಲೋಗಿಂತ ಕೆಳಗಿಳಿದಿತ್ತು. ಹಾಲು ಕುಡಿಸಿದರೆ ಅದು ಅರಗಬೇಕಾದ ಜಾಗವೇ ಇಲ್ಲ! ಸ್ಟ್ಯಾನ್ಲಿ ಡುಡ್ರಿಕ್, ಡಗ್ಲಸ್ ವಿಲ್ಮೋರ್ ಎಂಬ ವೈದ್ಯರು ಕತ್ತಿನ ಸಿರೆಯಲ್ಲಿ ಸಣ್ಣ ನಳಿಕೆ ತೂರಿಸಿ ಹೃದಯದ ಹತ್ತಿರಕ್ಕೆ ಒಯ್ದರು; ಇನ್ನೊಂದು ತುದಿಯನ್ನು ಚರ್ಮದಡಿಯಲ್ಲೇ ಕಿವಿಯ ಹಿಂದೆ ಸಾಗಿಸಿ ತಲೆಯ ಮೇಲೆ ಹೊರತೆಗೆದರು. ಊಟವೆಲ್ಲ ಅದರಲ್ಲೇ, ಹಗಲೂ ರಾತ್ರಿ, ಹನಿಹನಿಯಾಗಿ. ಒಂದೂವರೆ ತಿಂಗಳಲ್ಲಿ ಕೂಸಿನ ತೂಕ ಸುಮಾರು ಒಂದೂವರೆ ಕಿಲೋ ಏರಿತು! ಉದ್ದವೂ ಹೆಚ್ಚಿತು, ತಲೆಯ ಸುತ್ತಳತೆಯೂ ಹೆಚ್ಚಿತು. ಒಂದು ತುತ್ತೂ ಹೊಟ್ಟೆಗೆ ಇಳಿಯದೆ ಮಿದುಳು ಬೆಳೆಯುತ್ತಿತ್ತು ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು.

ಹೃದಯದ ಬಳಿಯೇ ಏಕೆ? ಬೆಳವಣಿಗೆಗೆ ಸಾಲುವಷ್ಟು ದಟ್ಟ ಸಕ್ಕರೆ ನೀರನ್ನು ಕೈಕಾಲಿನ ಸಪೂರ ಸಿರೆಗಳು ತಾಳಲಾರವು, ಊದಿಕೊಂಡು ಮುಚ್ಚಿಹೋಗುತ್ತವೆ. ಹೃದಯಕ್ಕೆ ಸೇರುವ ಮಹಾಸಿರೆಯಲ್ಲಾದರೋ ರಕ್ತ ರಭಸದಿಂದ ಹರಿಯುತ್ತದೆ, ಬಿದ್ದ ಹನಿ ಆ ಕ್ಷಣವೇ ತೆಳುವಾಗುತ್ತದೆ. ಈ ಕೂಸಿಗೂ ಮೊದಲು, ಪ್ರಯೋಗದಲ್ಲಿ, ಬೀಗಲ್ ನಾಯಿಮರಿಗಳು ಹೀಗೆ ಉಂಡು, ಬಾಯಲ್ಲಿ ತಿಂದ ಒಡಹುಟ್ಟಿದವುಗಳಿಗೆ ಸಮನಾಗಿ ಬೆಳೆದಿದ್ದವು. ಆ ಕೂಸು ಬದುಕಿದ್ದು ಸುಮಾರು 22 ತಿಂಗಳು. ಅದು ತೆರೆದ ದಾರಿಯಲ್ಲಿ ಇಂದು ಎಷ್ಟೊಂದು ಮಕ್ಕಳು!

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮಲಗಿರುವ, ಅವಧಿಗೆ ಮುನ್ನ ಹುಟ್ಟಿದ ಒಂದು ಕಿಲೋದ ಮಗುವನ್ನು ನೆನೆಯಿರಿ. ಸಾಕಷ್ಟು ಹಾಲು ಅರಗಿಸುವಷ್ಟು ಅದರ ಕರುಳು ಇನ್ನೂ ಬಲಿತಿಲ್ಲ. ಎಷ್ಟೋ ಸಲ ಮೊದಲ ನಳಿಕೆ ಹೋಗುವುದು ಹೊಕ್ಕುಳಿನ ಸಿರೆಯೊಳಗೆ. ಕೆಲವೇ ಗಂಟೆಗಳ ಹಿಂದೆ ತಾಯಿ ಉಣಿಸುತ್ತಿದ್ದದ್ದೂ ಅದೇ ಸಿರೆಯಲ್ಲಿ! ಗರ್ಭದಲ್ಲಿ ಅದು ಉಂಡದ್ದೆಲ್ಲ ರಕ್ತದ ಮೂಲಕವೇ ತಾನೇ? ಮೊದಲ ದಿನ ಅದಕ್ಕೆ ಸುಮಾರು 80 ಎಂ.ಎಲ್. ದ್ರವ. ಅಷ್ಟರಲ್ಲೇ ಗ್ಲೂಕೋಸ್, ಅಮೈನೋ ಆಮ್ಲ, ಲವಣ, ವಿಟಮಿನ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಳತೆ ತಪ್ಪಿದರೆ ಬ್ಯಾಗಿನಲ್ಲೇ ಬಿಳಿ ಹರಳುಗಟ್ಟುತ್ತದೆ. ಅದು ರಕ್ತಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಇನ್ನು ಕೊಬ್ಬು! ಬರೀ ಎಣ್ಣೆ ರಕ್ತಕ್ಕೆ ಸೇರಿದರೆ ಶ್ವಾಸಕೋಶದ ನಾಳಗಳೇ ಕಟ್ಟಿಕೊಳ್ಳುತ್ತವೆ. ಸ್ವೀಡನ್ನಿನ ಆರ್ವಿಡ್ ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಸೋಯಾ ಎಣ್ಣೆಯನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆದು, ಪ್ರತಿ ಹನಿಗೂ ಮೊಟ್ಟೆಯ ಹಳದಿಯ ಲೆಸಿಥಿನ್ ಹೊದಿಸಿದರು. ಸಿರಿಂಜಿನಲ್ಲಿ ಹಾಲುಬಿಳುಪಾಗಿ ಕಾಣುವ ಆ ದ್ರವವನ್ನು ದೇಹ ತಾನೇ ಸಾಗಿಸುವ ಕೊಬ್ಬಿನಂತೆಯೇ ಬಳಸಿಕೊಳ್ಳುತ್ತದೆ.

ಹಾಗೆಂದು ಸಿರೆಯ ಈ ಊಟವನ್ನು ಬೇಕಾದಷ್ಟು ದಿನ ಎಳೆಯುವಂತಿಲ್ಲ. ನಳಿಕೆಯಿಂದ ಸೋಂಕು ತಗಲಬಹುದು, ದಿನ ಹೆಚ್ಚಾದಂತೆ ಯಕೃತ್ತು ಬಳಲುತ್ತದೆ. ಆದ್ದರಿಂದಲೇ ಸಾಧ್ಯವಾದಷ್ಟು ಬೇಗ ಒಂದೆರಡು ಎಂ.ಎಲ್. ತಾಯಿಹಾಲು ಹೊಟ್ಟೆಗೆ ಬೀಳಬೇಕು. ಹಾಲು ಏರಿದಷ್ಟು ಡ್ರಿಪ್ ಇಳಿಸುತ್ತ ಹೋಗಿ, ಕೊನೆಗೆ ನಳಿಕೆಯನ್ನೇ ತೆಗೆದುಬಿಡುತ್ತಾರೆ.