ಓಡಿದ್ದು ಮೂರು ಕಿಲೋಮೀಟರ್, ದುಡಿದದ್ದು ನಾಲ್ಕು ಗಂಟೆ

ಗಣೇಶನ ಹಬ್ಬದ ದಿನಗಳಲ್ಲಿ ಸಂಜೆ ಹೊತ್ತು ಯಡಿಯೂರು ಕೆರೆಯ ಕಡೆಗೆ ಹೋಗುವ ರಸ್ತೆಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. (ಇದು ಕುಣಿಗಲ್ ಬಳಿಯ ಸಿದ್ಧಲಿಂಗೇಶ್ವರರ ಎಡೆಯೂರಲ್ಲ, ಬೆಂಗಳೂರಿನಲ್ಲಿ ಜಯನಗರಕ್ಕೂ ಬನಶಂಕರಿಗೂ ನಡುವೆ ಇರುವ ಯಡಿಯೂರು.) ಬಾಳೆಕಂದು, ಮಾವಿನ ತೋರಣ, ಸೀರಿಯಲ್ ಸೆಟ್ ಕಟ್ಟಿಕೊಂಡ ಒಂದು ಪಿಕಪ್ ಗಾಡಿ. ಅದರ ಮೇಲೆ ಗಣಪತಿ. ಮುಂದೆ ತಮಟೆ, ಸುತ್ತ ಹುಡುಗರ ಕುಣಿತ. ಗಾಡಿ ಮೊದಲನೆಯ ಗೇರಿನಲ್ಲಿ ಹತ್ತು ಹೆಜ್ಜೆ ಹೋಗುತ್ತದೆ, ನಿಲ್ಲುತ್ತದೆ. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಲುಗಡೆ. ಎಂಜಿನ್ ಮಾತ್ರ ಒಂದು ಕ್ಷಣವೂ ಆರುವುದಿಲ್ಲ. ಸಂಜೆ ಆರಕ್ಕೆ ಹೊರಟ ಮೆರವಣಿಗೆ ಮೂರು ಕಿಲೋಮೀಟರ್ ಸಾಗಿ ವಿಸರ್ಜನೆಯ ಕಲ್ಯಾಣಿ ಮುಟ್ಟುವಾಗ ಗಂಟೆ ಹತ್ತಾಗಿರುತ್ತದೆ.

ಮರುದಿನ ಬೆಳಿಗ್ಗೆ ಗಾಡಿಯ ಮೀಟರ್ ನೋಡಿದರೆ ಹಿಂದಿನ ದಿನಕ್ಕಿಂತ ಮೂರೇ ಮೂರು ಹೆಚ್ಚಾಗಿದೆ. ಎಂಜಿನ್ನಿನ ಲೆಕ್ಕ ಬೇರೆ. ನಿಂತಲ್ಲೇ ಉರಿಯುವ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎನ್ನಿ. ನಾಲ್ಕು ಗಂಟೆಗೆ 1,92,000 ಸುತ್ತು! ಅದೇ ನಾಲ್ಕು ಗಂಟೆ ಹೆದ್ದಾರಿಯಲ್ಲಿ ಓಡಿದ್ದರೆ ಗಾಡಿ ಚಿತ್ರದುರ್ಗದ ಹತ್ತಿರ ಇರುತ್ತಿತ್ತು.

ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ಎಷ್ಟೋ ಗಾಡಿಗಳ ಎಂಜಿನ್ ಹಾಳಾಗುತ್ತಿದೆ. ಆಯಿಲ್ ಬದಲಾಯಿಸುವ ದಿನವನ್ನು ಮಾಲೀಕರು ಮೀಟರಿನ ಅಂಕೆ ನೋಡಿ ನಿರ್ಧರಿಸುತ್ತಾರೆ. ಆಯಿಲ್ ಸವೆಯುವುದಾದರೋ ಎಂಜಿನ್ ಉರಿದ ಹೊತ್ತನ್ನು ನೋಡಿ.

2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಗಾಡಿ ಬಂದ ಮೇಲೆ ನಗರದ ಸರಕು ಸಾಗಣೆಯ ಸ್ವರೂಪವೇ ಬದಲಾಯಿತು. ಎರಡೇ ಸಿಲಿಂಡರಿನ, 702 ಸಿ.ಸಿ.ಯ, ಹದಿನಾರು ಅಶ್ವಶಕ್ತಿಯ ಡೀಸೆಲ್ ಎಂಜಿನ್. ಜನ ಅದಕ್ಕೆ ಇಟ್ಟ ಹೆಸರು 'ಛೋಟಾ ಹಾಥಿ'. ಅದರ ಜೊತೆ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು. ಇವುಗಳಲ್ಲಿ ಬಹಳಷ್ಟಕ್ಕೆ ಮಾಲೀಕನೇ ಚಾಲಕ. ಬೆಳಗಿನ ಜಾವ ಕಲಾಸಿಪಾಳ್ಯದಿಂದ ತರಕಾರಿ, ಹಗಲು ಸಿಮೆಂಟ್, ಟೈಲ್ಸ್, ಸಂಜೆ ಯಾರದೋ ಮನೆ ಖಾಲಿ ಮಾಡುವ ಸಾಮಾನು. ಬ್ಯಾಂಕಿನ ಕಂತು, ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಆ ನಾಲ್ಕು ಚಕ್ರಗಳ ಮೇಲೆ. ಎಂಜಿನ್ 'ಬೋರ್‌ಗೆ ಬಂತು' ಎಂದು ಮೆಕ್ಯಾನಿಕ್ ಹೇಳಿದರೆ ಬರಿಯ ರಿಪೇರಿ ಖರ್ಚಲ್ಲ, ಗಾಡಿ ಬಿಚ್ಚಿಟ್ಟಿರುವಷ್ಟು ದಿನ ಸಂಪಾದನೆಯೂ ಇಲ್ಲ. ಕಂತು ಮಾತ್ರ ತಪ್ಪದೆ ಬರುತ್ತದೆ.

ಎಣ್ಣೆ ಮಾಡುವ ಕೆಲಸವೇನು? ಎತ್ತಿನ ಗಾಡಿ ಹೂಡಿದ ಅಜ್ಜಂದಿರಿಗೆ ಉತ್ತರ ಗೊತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಗೇ ನೇತುಹಾಕಿಕೊಂಡು ಹೋಗುತ್ತಿದ್ದರು. ಅಚ್ಚು ಕಿರುಗುಟ್ಟಿದರೆ ಇಳಿದು ಸವರಿದರಾಯಿತು. ಕ್ಯಾಸ್ಟ್ರಾಲ್ ಎಂಬ ಎಣ್ಣೆಗೆ ಆ ಹೆಸರು ಬಂದದ್ದೂ ಇದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಆದರೆ ಎತ್ತಿನ ಗಾಡಿಯ ಕೀಲೆಣ್ಣೆ ಬರಿಯ ಜಾರಿಕೆ. ಎಂಜಿನ್ನಿನೊಳಗೆ ನಡೆಯುವುದು ಇನ್ನೂ ಸೋಜಿಗದ ಸಂಗತಿ.

1883ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರ್ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ತಿರುಗುವ ದಂಡದ ಮೇಲೆ ಕುಳಿತ ಬೇರಿಂಗಿಗೆ ಎಣ್ಣೆ ಬಿಡಲೆಂದು ನೆತ್ತಿಯಲ್ಲಿ ಒಂದು ತೂತು ಕೊರೆದ. ದಂಡದ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು. ಯಂತ್ರ ಓಡಿಸಿದರೆ ಮೇಲಿನಿಂದ ಎಣ್ಣೆ ಒಳಗೆ ಹೋಗುವ ಬದಲು ಒಳಗಿನಿಂದ ಮೇಲಕ್ಕೆ ಉಕ್ಕತೊಡಗಿತು. ತೂತಿಗೆ ಬಿರಟೆ ಜಡಿದರೂ ಎಣ್ಣೆ ಅದನ್ನು ಹೊರದಬ್ಬಿತು. ಒತ್ತಡಮಾಪಕ ಜೋಡಿಸಿದಾಗ ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯ ಇಮ್ಮಡಿ ಒತ್ತಡ ಕಂಡಿತು! ತಿರುಗುವ ದಂಡ ಎಣ್ಣೆಯನ್ನು ತನ್ನ ಜೊತೆ ಎಳೆದುಕೊಂಡು ಇಕ್ಕಟ್ಟಿನ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಹುಟ್ಟುವ ಒತ್ತಡ ಇಡೀ ಹೊರೆಯನ್ನೇ ಎತ್ತಿ ಹಿಡಿಯುತ್ತದೆ. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಜೋರು ಮಳೆಯಲ್ಲಿ ವೇಗವಾಗಿ ಹೋಗುವ ಗಾಡಿಯ ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ಜಾರುತ್ತದಲ್ಲ, ಹೆಚ್ಚುಕಡಿಮೆ ಅದೇ ಕತೆ. ರಸ್ತೆಯಲ್ಲಿ ಅದು ಅಪಾಯ, ಎಂಜಿನ್ನಿನಲ್ಲಿ ಅದೇ ಪ್ರಾಣ.

ಹಾಗಾಗಿ ಚೆನ್ನಾಗಿರುವ ಎಂಜಿನ್ ಓಡುವಾಗ ಕ್ರ್ಯಾಂಕ್ ದಂಡಕ್ಕೂ ಬೇರಿಂಗಿಗೂ ನಡುವೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಡುವೆ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಆ ಪೊರೆ ಹರಿದರೆ ಸವೆತ ಶುರು. ಇಡೀ ರಾತ್ರಿ ನಿಂತ ಗಾಡಿಯಲ್ಲಿ ದಂಡ ಬೇರಿಂಗಿನ ಮೇಲೆ ಕುಳಿತುಬಿಟ್ಟಿರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದ ತಕ್ಷಣ ಆಕ್ಸಿಲರೇಟರ್ ತುಳಿದು ಎಂಜಿನ್ ಅಬ್ಬರಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಎಣ್ಣೆ ಮೇಲಿನವರೆಗೆ ಏರಲು ಕೆಲವು ಸೆಕೆಂಡು ಬಿಟ್ಟು ಮೆಲ್ಲಗೆ ಹೊರಟರೆ ಸಾಕು. ಹತ್ತು ನಿಮಿಷ ನಿಲ್ಲಿಸಿ 'ಬಿಸಿ ಮಾಡುವುದು' ಬೆಂಗಳೂರಿನ ಹವೆಗೆ ಬೇಕಿಲ್ಲ, ಡೀಸೆಲ್ ದಂಡ.

ಪೊರೆ ಹರಿಯುವುದೇಕೆ? ಎಣ್ಣೆ ಕಡಿಮೆಯಾದರೆ ಹರಿಯುತ್ತದೆ, ಕೆಟ್ಟರೂ ಹರಿಯುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿ, ಆಮ್ಲಗಳು, ಗಾಳಿಯ ಜೊತೆ ನುಸುಳುವ ದೂಳು, ಲೋಹದ ಸಣ್ಣ ಚೂರು ಎಲ್ಲ ಎಣ್ಣೆಗೆ ಸೇರುತ್ತವೆ. ಇವನ್ನು ಎದುರಿಸಲೆಂದೇ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಕೆಲವು ಕೊಳೆಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತೇಲಿಸಿಡುತ್ತವೆ, ಕೆಲವು ಆಮ್ಲವನ್ನು ತಟಸ್ಥಗೊಳಿಸುತ್ತವೆ. ಪ್ರೌಢಶಾಲೆಯ ಆಮ್ಲ-ಪ್ರತ್ಯಾಮ್ಲಗಳ ಪಾಠವೇ ಇದು. ಪ್ರತ್ಯಾಮ್ಲ ಖರ್ಚಾಗುತ್ತಾ ಹೋಗುತ್ತದೆ, ಒಂದು ದಿನ ಮುಗಿಯುತ್ತದೆ. ಕಡ್ಡಿ ಅದ್ದಿದರೆ ಎಣ್ಣೆ ಅದೇ ಮಟ್ಟದಲ್ಲಿದೆ, ಆದರೆ ಅದರ ಸತ್ವ ಹೋಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 'ಆಯಿಲ್ ಕಪ್ಪಾಗಿದೆ, ಹಾಳಾಗಿದೆ' ಎನ್ನುವವರು ಹಲವರು. ಡೀಸೆಲ್ ಎಂಜಿನ್ನಿಗೆ ಹಾಕಿದ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹೊತ್ತು ತಿರುಗುವುದೇ ಅದರ ಕೆಲಸವಾದ್ದರಿಂದ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಬೆರಳಲ್ಲಿ ಉಜ್ಜಿ ನೋಡುವ ಹಳೆಯ ಪರೀಕ್ಷೆ ಮರಳುಮರಳಾದ ಕೊಳೆಯನ್ನು ಹಿಡಿದುಕೊಟ್ಟೀತು; ಅಲ್ಲಿಂದ ಮುಂದೆ ಅದಕ್ಕೆ ಗೊತ್ತಾಗದು. ಹಾಗಾಗಿ ದಿನ, ಗಂಟೆ, ಕಿಲೋಮೀಟರುಗಳ ಲೆಕ್ಕವೇ ಗತಿ.

ಆ ಲೆಕ್ಕವನ್ನು ಮಕ್ಕಳೇ ಮಾಡಬಹುದು. 2022ನೆಯ ಸಾಲಿಗೆ ಟಾಮ್‌ಟಾಮ್ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಹಿಡಿದಿತ್ತು. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಈ ವೇಗದಲ್ಲಿ 10,000 ಕಿ.ಮೀ. ಓಡಲು ಎಂಜಿನ್ 500 ಗಂಟೆ ಉರಿಯಬೇಕು. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಹಿಡಿದರೆ ಅದೇ ದೂರಕ್ಕೆ 200 ಗಂಟೆ. ಒಂದೇ ಮೀಟರ್, ಎರಡೂವರೆ ಪಟ್ಟು ವ್ಯತ್ಯಾಸ! ಗಾಡಿಯ ಜೊತೆ ಬರುವ ಕೈಪಿಡಿಯಲ್ಲಿ ಇದನ್ನು ಒಪ್ಪಿಕೊಂಡೇ ಬರೆದಿರುತ್ತಾರೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು, ದೂಳು, ಭಾರ, ನಿಂತು ನಿಂತು ಓಡುವ ರಸ್ತೆಯಾದರೆ ಇನ್ನೂ ಬೇಗ. ಆ ಎರಡನೆಯ ಸಾಲನ್ನು ಓದುವವರು ಕಡಿಮೆ. ಬನಶಂಕರಿಗೂ ಕೆ.ಆರ್. ಮಾರುಕಟ್ಟೆಗೂ ನಡುವೆ ದಿನಕ್ಕೆ ನಾಲ್ಕು ಸಲ ತಿರುಗುವ ಗಾಡಿಗೆ ಅನ್ವಯಿಸುವುದು ಅದೇ ಸಾಲು.

ಡಬ್ಬದ ಮೇಲಿನ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. 15ಡಬ್ಲ್ಯೂ-40 ಎಂದರೆ ಆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ಹಿಂಜರಿಕೆ. ಮೊದಲ ಅಂಕೆ ಚಳಿಗಾಲದ್ದು, ಎರಡನೆಯದು ಕಾದ ಎಂಜಿನ್ನಿನದು. ಇದರಲ್ಲಿ 15ಡಬ್ಲ್ಯೂ ಎಂಬುದರ ಒಂದು ಪರೀಕ್ಷೆ ನಡೆಯುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬೆಂಗಳೂರು ಕಂಡ ಅತಿ ಹೆಚ್ಚಿನ ಚಳಿ 1884ರ ಜನವರಿಯ 7.8 ಡಿಗ್ರಿ! ಆದ್ದರಿಂದ ನಮ್ಮವರು ಮೊದಲ ಅಂಕೆಗೆ ತಲೆಕೆಡಿಸಿಕೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ. ಕೈಪಿಡಿ ಹೇಳಿದ ದರ್ಜೆ ಮುಖ್ಯ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಶೋಧಕ ಇದ್ದರೆ ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. 'ಎಲ್ಲ ಆಯಿಲ್ಲೂ ಒಂದೇ' ಎಂದು ಹಳೆಯ ಗಾಡಿಯದನ್ನು ಸುರಿದರೆ ಶೋಧಕ ಕಟ್ಟಿಕೊಳ್ಳುತ್ತದೆ.

ಬೆಳಗಿನ ಐದು ನಿಮಿಷದ ಕೆಲಸ ಹೀಗೆ. ಗಾಡಿ ಸಮನೆಲದಲ್ಲಿರಲಿ, ಎಂಜಿನ್ ತಣ್ಣಗಿರಲಿ. ಟಾಟಾ ಏಸ್‌ನಲ್ಲಿ ಎಂಜಿನ್ ಸೀಟಿನ ಕೆಳಗೇ ಇದೆ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಬೇಕು. ಒರೆಸದೆ ನೋಡಿದರೆ ಅದು ಸುಳ್ಳು ಹೇಳುತ್ತದೆ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಕಡಿಮೆಯಾಗಿದ್ದರೆ ತುಂಬಬೇಕು, ಎಲ್ಲಿ ಸೋರಿತು ಎಂದೂ ಹುಡುಕಬೇಕು. ಹೆಚ್ಚಾಗಿದ್ದರೆ? ಹಿಗ್ಗುವಂತಿಲ್ಲ. ಡೀಸೆಲ್ಲೋ ಎಂಜಿನ್ ತಂಪಿಡುವ ನೀರೋ ಎಣ್ಣೆಗೆ ಸೇರುತ್ತಿದೆ ಎಂದರ್ಥ. ಮಸಿ ಶೋಧಕವಿರುವ ಗಾಡಿ ಬರಿಯ ಚಿಕ್ಕಚಿಕ್ಕ ಓಡಾಟದಲ್ಲೇ ಇದ್ದರೆ, ಶೋಧಕ ಸುಟ್ಟು ಶುಚಿಯಾಗಲು ಹಾಕಿದ ಡೀಸೆಲ್ಲಿನಲ್ಲಿ ಸ್ವಲ್ಪ ಎಣ್ಣೆಗೆ ಇಳಿಯುವುದುಂಟು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗಾಡಿ ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಬೇಕು.

ಮುಂದಿನ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಇರುತ್ತದೆ. 'ದೀಪ ಹತ್ತಲಿ, ಆಗ ನೋಡೋಣ' ಎನ್ನುವುದು ದೊಡ್ಡ ತಪ್ಪು. ಅದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು ತೋರಿಸುತ್ತದೆ. ಓಡುವಾಗ ಅದು ಹತ್ತಿತೆಂದರೆ ಟವರ್ ಕಂಡ ಆ ಪೊರೆಗೇ ಕುತ್ತು. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎನ್ನದೆ ರಸ್ತೆ ಬದಿಗೆ ತಂದು ಎಂಜಿನ್ ಆರಿಸಬೇಕು.

ಆಯಿಲ್ ಬದಲಾಯಿಸುವಾಗ ಫಿಲ್ಟರನ್ನೂ ಬದಲಾಯಿಸದೆ ಇನ್ನೂರು ಮುನ್ನೂರು ಉಳಿಸುವವರಿದ್ದಾರೆ. ಸ್ನಾನ ಮಾಡಿ ಹಳೆಯ ಬನಿಯನ್ನನ್ನೇ ಹಾಕಿಕೊಂಡಂತೆ ಅದು. ಏರ್ ಫಿಲ್ಟರ್ ಕೂಡ ಅಷ್ಟೇ ಮುಖ್ಯ. ಕಟ್ಟಡದ ಕೆಲಸಕ್ಕೆ ಮರಳು, ಜಲ್ಲಿ ಸಾಗಿಸುವ ಗಾಡಿಗಳಿಗಂತೂ ಇನ್ನೂ ಹೆಚ್ಚು. ರೇಡಿಯೇಟರಿನ ನೀರು, ಬ್ರೇಕ್ ಆಯಿಲ್, ಟೈರಿನ ಗಾಳಿ, ಗ್ರೀಸ್ ಇವೆಲ್ಲ ಅದೇ ಐದು ನಿಮಿಷದ ಸುತ್ತಿನಲ್ಲಿ ಆಗಿಹೋಗುತ್ತವೆ. ಈಗ ಬಂದಿರುವ ವಿದ್ಯುತ್ ಪಿಕಪ್‌ಗಳಿಗೆ ಎಂಜಿನ್ ಆಯಿಲ್ಲಿನ ಗೊಡವೆ ಇಲ್ಲ, ಬ್ರೇಕು ಟೈರುಗಳ ಗೊಡವೆ ತಪ್ಪಿಲ್ಲ.

ಸರ್ಕಾರದ ಎಫ್.ಸಿ. ಪರೀಕ್ಷೆ ಇದೆಯಲ್ಲ ಎಂದು ಕೇಳಬಹುದು. ಅಲ್ಲಿ ನೋಡುವುದು ಬ್ರೇಕು, ದೀಪ, ಹೊಗೆ ಮುಂತಾದ ರಸ್ತೆಯ ಸುರಕ್ಷತೆಯ ಸಂಗತಿಗಳನ್ನು. ಎಣ್ಣೆಯ ಆಯುಸ್ಸು ಮಾಲೀಕನ ಪಾಲಿಗೇ ಬಿಟ್ಟದ್ದು. ಆಯುಧಪೂಜೆಯ ದಿನ ಗಾಡಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಡುವ ಮನೆಗಳಲ್ಲಿ ಅದೇ ದಿನ ಒಂದು ನೂರು ಪುಟದ ನೋಟ್‌ಬುಕ್ ಶುರುಮಾಡಿದರೆ ಚೆನ್ನು. ತಾರೀಖು, ಮೀಟರಿನ ಅಂಕೆ, ಎಂಜಿನ್ ಉರಿದ ಅಂದಾಜು ಗಂಟೆ, ಹಾಕಿದ ಡೀಸೆಲ್, ಹಾಕಿದ ಆಯಿಲ್. ಬರೆಯುವ ಕೆಲಸ ಹೈಸ್ಕೂಲಿನ ಮಗನದೋ ಮಗಳದೋ ಆಗಲಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಎಳೆದರೆ, ಗೆರೆ ಇಳಿಯತೊಡಗಿದ ತಿಂಗಳೇ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ವಿ.ಆರ್.ಎಲ್. ಸಂಸ್ಥೆ ಇಂದು ಹುಬ್ಬಳ್ಳಿ ಬಳಿಯ ವರೂರಿನಲ್ಲಿ ಸ್ವಂತ ದುರಸ್ತಿ ಕಾರ್ಯಾಗಾರವನ್ನೇ ಇಟ್ಟುಕೊಂಡಿದೆ. ಒಂದೇ ಗಾಡಿಯವನಿಗೆ ಕಾರ್ಯಾಗಾರ ಎಲ್ಲಿಂದ ಬರಬೇಕು? ನೋಟ್‌ಬುಕ್ ಸಾಕು.

ಇನ್ನು ಬಸಿದ ಹಳೆಯ ಆಯಿಲ್. ಗಾಡಿಯ ಗಾತ್ರ ನೋಡಿಕೊಂಡು ಮೂರರಿಂದ ಏಳು ಲೀಟರ್ ಆದೀತು. ಅದನ್ನು ರಸ್ತೆ ಬದಿಯ ಚರಂಡಿಗೆ ಸುರಿದು ಕೈ ಒರೆಸಿಕೊಳ್ಳುವುದುಂಟು. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಒಂದು ಕೊಳಕ್ಕೆ ಚಹಾ ಚಮಚದಷ್ಟು ಎಣ್ಣೆ ಹಾಕಿದಾಗ ಅದು ಸುಮಾರು ಅರ್ಧ ಎಕರೆಯಷ್ಟು ನೀರಿನ ಮೇಲೆ ಹರಡಿತೆಂದು 1774ರಲ್ಲಿ ಪ್ರಕಟವಾಯಿತು. ಒಂದು ಅಣುವಿನಷ್ಟೇ ದಪ್ಪದ ಪದರ ಅದು ಎಂದು ಆಮೇಲೆ ತಿಳಿಯಿತು. ಯಡಿಯೂರಿನಂಥ ಕೆರೆಯ ಮೇಲೆ ಇಂಥ ಪದರ ಹಬ್ಬಿದರೆ ಗಾಳಿಯ ಆಮ್ಲಜನಕ ನೀರಿಗಿಳಿಯಲು ಅಡ್ಡಿ. ಎಂಜಿನ್ ಆಯಿಲ್ಲಿನಲ್ಲಾದರೆ ಲೋಹದ ಅಂಶಗಳೂ ಸೇರಿರುತ್ತವೆ. 2016ರ ನಿಯಮಗಳ ಪ್ರಕಾರ ಹಳೆಯ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಮರುಶುದ್ಧೀಕರಣಕ್ಕೆ ಸೇರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ತಯಾರಕರ ಮೇಲೂ ಹೊರಿಸಲಾಗಿದೆ. ಮಾಲೀಕ ಮಾಡಬೇಕಾದ್ದು ಇಷ್ಟೆ: ಬಸಿದದ್ದನ್ನು ಹೊಸ ಆಯಿಲ್ ಬಂದ ಡಬ್ಬಕ್ಕೇ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಸುರಿಯುವುದು, ಖಾಲಿ ಡಬ್ಬಕ್ಕೆ ಒಂದು ತೂತು ಹೊಡೆಯುವುದು. ತೂತಿಲ್ಲದ ಡಬ್ಬ ಗುಜರಿಗೆ ಹೋಗಿ, ಕಲಬೆರಕೆ ಎಣ್ಣೆ ತುಂಬಿಸಿಕೊಂಡು, ಇನ್ನೊಬ್ಬರ ಗಾಡಿಗೆ ಸೇರುವುದೂ ಉಂಟು.